ಹೊಟ್ಟೆಯ ಕೊಬ್ಬಿಗೆ ಅಲ್ಟ್ರಾಸೌಂಡ್ ಚಿಕಿತ್ಸೆ ಮಾಡಿಸಬಹುದಾ? ಗೊತ್ತಿದ್ದವರು ಹೇಳಿ

ಸುಮಾ_ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಇಬ್ಬರು ಮಕ್ಕಳು, ಎರಡನೆಯದು ಸಿಜೇರಿಯನ್. ಚಿಕ್ಕವನಿಗೆ ಈಗ ನಾಲ್ಕು ವರ್ಷ. ನನ್ನ ಎತ್ತರ 156 ಸೆಂ.ಮೀ., ತೂಕ 61 ಕೆ.ಜಿ. ಕೈಕಾಲು ಸಣ್ಣಗೇ ಇವೆ, ಹೊಟ್ಟೆ ಮಾತ್ರ ಮುಂದಕ್ಕೆ ಬಂದಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟು "ಎಷ್ಟು ತಿಂಗಳಮ್ಮ?" ಎಂದು ಕೇಳುವವರೂ ಇದ್ದಾರೆ.

ಮನೆ ಹತ್ತಿರ ಹೊಸದಾಗಿ ಒಂದು ಸ್ಲಿಮ್ಮಿಂಗ್ ಸೆಂಟರ್ ಶುರುವಾಗಿದೆ. ಅಲ್ಟ್ರಾಸೌಂಡ್‌ನಿಂದ ಕೊಬ್ಬು ಕರಗಿಸುತ್ತೇವೆ, ಕೊಯ್ಯುವುದಿಲ್ಲ, ಸೂಜಿ ಹಾಕುವುದಿಲ್ಲ, ಮುಗಿಸಿಕೊಂಡು ಅವತ್ತೇ ಕೆಲಸಕ್ಕೆ ಹೋಗಬಹುದು ಎನ್ನುತ್ತಾರೆ. ಎಂಟು ಸಿಟ್ಟಿಂಗ್‌ಗೆ 36,000 ರೂಪಾಯಿ. ನಾಲ್ಕು ಇಂಚು ಇಳಿಯುವುದು ಗ್ಯಾರಂಟಿ ಅಂತೆ. ತಿಂಗಳ ಕೊನೆಯೊಳಗೆ ಅರ್ಧ ದುಡ್ಡು ಕಟ್ಟಿದರೆ ರಿಯಾಯಿತಿ.

ಅಮ್ಮನಿಗೆ ಶುಗರ್ ಇದೆ. ನನ್ನ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಹೋದ ತಿಂಗಳು 5.9 ಬಂತು. ಡಾಕ್ಟರು "ಹೊಟ್ಟೆ ಇಳಿಸಿ" ಎಂದಿದ್ದಾರೆ. ಹೇಗೂ ಇಳಿಸಬೇಕು, ಇದೇ ಮಾಡಿಸೋಣ ಅನಿಸಿದೆ. ಯಾರಾದರೂ ಮಾಡಿಸಿದ್ದೀರಾ? ಸಿಜೇರಿಯನ್ ಆದವರಿಗೆ ತೊಂದರೆ ಇಲ್ವಾ?

ಬಸವರಾಜ_ಗದಗ

ಅಕ್ಕಾರ, ಸುಮ್ನೆ ದುಡ್ಡು ಹಾಳು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಎದ್ದು ನಡೆಯಿರಿ, ರಾತ್ರಿ ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ. ಹೊಟ್ಟೆ ತಾನಾಗಿ ಇಳಿಯುತ್ತದೆ.

ಸುಮಾ_ಮೈಸೂರು

ಸರ್, ನಡೆಯುತ್ತಿದ್ದೇನೆ. ತೂಕ ಮೂರು ಕೆ.ಜಿ. ಇಳಿದಿದೆ. ಮುಖ ಸಣ್ಣಗಾಯಿತು, ಹೊಟ್ಟೆ ಹಾಗೇ ಇದೆ. ಅದಕ್ಕೇ ಕೇಳುತ್ತಿರುವುದು.

ಚರ್ಮವೈದ್ಯೆ_ಹುಬ್ಬಳ್ಳಿ

ಸುಮಾ ಅವರೇ, ನಾನು ಚರ್ಮರೋಗ ವೈದ್ಯೆ. ಈ ಮಷೀನ್‌ಗಳ ಬಗ್ಗೆ ದಿನಾ ಯಾರಾದರೂ ಕೇಳುತ್ತಾರೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತಾಗಿ ಓದಿ.

ಮೊದಲು ನೀವು ತಿಳಿದುಕೊಳ್ಳಬೇಕಾದದ್ದು ಅಲ್ಲಿರುವುದು ಯಾವ ಮಷೀನ್ ಅನ್ನುವುದು. "ಅಲ್ಟ್ರಾಸೌಂಡ್" ಎಂದು ಬೋರ್ಡ್ ಹಾಕಿಕೊಂಡು ಒಂದಕ್ಕೊಂದು ಸಂಬಂಧವೇ ಇಲ್ಲದ ಚಿಕಿತ್ಸೆಗಳು ನಡೆಯುತ್ತಿವೆ. ನಮ್ಮ ಕಿವಿಗೆ ಸುಮಾರು 20 ಕಿಲೋಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತದೆ. ಅದರ ಮೇಲಿನದ್ದೆಲ್ಲ ಅಲ್ಟ್ರಾಸೌಂಡ್. ಬಸಿರಿನಲ್ಲಿ ಮಗುವನ್ನು ನೋಡುವ ಸ್ಕ್ಯಾನಿಂಗ್ ಕೂಡ ಅದೇ. ಆದರೆ ಸ್ಕ್ಯಾನಿಂಗ್‌ನಲ್ಲಿ ಅಲೆಯನ್ನು ಕಳಿಸುವುದು ಒಳಗೇನಿದೆ ಎಂದು ನೋಡಲು ಮಾತ್ರ, ಅಲ್ಲಿ ಶಕ್ತಿ ತೀರಾ ಕಡಿಮೆ. ಕೊಬ್ಬಿಗೆ ಬಳಸುವಾಗ ಆ ಅಲೆಗಳನ್ನು ಒಂದು ಬಿಂದುವಿಗೆ ಸೇರಿಸಬೇಕು. ಭೂತಗನ್ನಡಿ ಹಿಡಿದರೆ ಬಿಸಿಲು ಒಂದೇ ಕಡೆ ಸೇರಿ ಕಾಗದ ಸುಡುತ್ತದಲ್ಲ, ಹಾಗೆ. ಮೇಲಿನ ಚರ್ಮಕ್ಕೆ ಏನೂ ಆಗದೆ, ಒಳಗೆ ಆ ಬಿಂದುವಿನಲ್ಲಿ ಮಾತ್ರ ಕೆಲಸ ಆಗುತ್ತದೆ.

ಹೀಗೆ ಬಿಸಿಯಿಂದ ಕೊಬ್ಬನ್ನು ಸಾಯಿಸುವ ಮಷೀನ್‌ಗಳಲ್ಲಿ ಹೆಸರಾಗಿದ್ದು ಲೈಪೋಸಾನಿಕ್ಸ್. ಸೊಂಟದ ಸುತ್ತಳತೆ ಕಡಿಮೆ ಮಾಡಲು ಇದನ್ನು ಬಳಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಒಪ್ಪಿಗೆ ಕೊಟ್ಟಿತು. 2 ಮೆಗಾಹರ್ಟ್ಜ್ ಅಲೆ, ಚರ್ಮದಿಂದ ಸುಮಾರು 1.3 ಸೆಂ.ಮೀ. ಆಳದಲ್ಲಿ ಸೇರುತ್ತದೆ. ಆ ಜಾಗದಲ್ಲಿ ಬಿಸಿ 55 ಡಿಗ್ರಿ ದಾಟುತ್ತದೆ. ಕೊಬ್ಬಿನ ಕಣಗಳು ಅಲ್ಲೇ ಸಾಯುತ್ತವೆ. ಇನ್ನೊಂದು ಅಲ್ಟ್ರಾಶೇಪ್ ಎಂಬ ಇಸ್ರೇಲಿನ ಮಷೀನ್, 2014ರಲ್ಲಿ ಒಪ್ಪಿಗೆ ಪಡೆಯಿತು. ಅದರಲ್ಲಿ ಬಿಸಿ ಇಲ್ಲ. ಬಿಟ್ಟು ಬಿಟ್ಟು ಹೊಡೆಯುವ ಅಲೆ ಕೊಬ್ಬಿನ ಕಣದ ಪೊರೆಯನ್ನು ಒಡೆಯುತ್ತದೆ.

ಈ ಎರಡೂ ಗುರಿಯಿಟ್ಟು ಕೆಲಸ ಮಾಡುವ ಮಷೀನ್‌ಗಳು. ಊರೂರಿನ ಪಾರ್ಲರ್‌ಗಳಲ್ಲಿ "ಕ್ಯಾವಿಟೇಶನ್" ಎಂದು ಮಾಡುವುದು ಸಾಮಾನ್ಯವಾಗಿ 40 ಕಿಲೋಹರ್ಟ್ಜ್‌ನ ಸಣ್ಣ ಮಷೀನ್. ಜೆಲ್ ಹಚ್ಚಿ ಹೊಟ್ಟೆ ಮೇಲೆ ಕೈಯಲ್ಲಿ ಆಡಿಸುತ್ತಾರೆ. ಅಲೆ ಒಂದು ಕಡೆ ಸೇರುವುದಿಲ್ಲ. ಇದಕ್ಕೆ ಮೇಲಿನ ಎರಡರಷ್ಟು ಗಟ್ಟಿ ಪರೀಕ್ಷೆ ಆಗಿಲ್ಲ. ಎಂಟು ಸಿಟ್ಟಿಂಗ್, ನಾಲ್ಕು ಇಂಚು ಗ್ಯಾರಂಟಿ ಎಂದಿದ್ದನ್ನು ಕೇಳಿದರೆ ನಿಮ್ಮ ಹತ್ತಿರ ಇರುವುದು ಇದೇ ಇರಬಹುದು ಅನಿಸುತ್ತದೆ.

ಹೆಸರಲ್ಲಿ ಅಲ್ಟ್ರಾಸೌಂಡ್ ಇರುವ ಇನ್ನೊಂದಿದೆ, ವೇಸರ್ ಲೈಪೋ. ಅದು ಪಕ್ಕಾ ಸರ್ಜರಿ. ಚರ್ಮ ಕೊಯ್ದು, ಒಳಗೆ ನೀರು ತುಂಬಿಸಿ, ಕಡ್ಡಿಯಂಥ ಉಪಕರಣ ತೂರಿಸಿ, ಅಲ್ಟ್ರಾಸೌಂಡ್‌ನಿಂದ ಕೊಬ್ಬು ಸಡಿಲ ಮಾಡಿ ಹೀರಿ ತೆಗೆಯುತ್ತಾರೆ. ಯಾರಾದರೂ ಮಾತಿನ ನಡುವೆ "ಅದೂ ಅಲ್ಟ್ರಾಸೌಂಡೇ" ಎಂದು ಇದಕ್ಕೆ ತಿರುಗಿಸಿದರೆ ಎಚ್ಚರ ಇರಲಿ.

ಕಿರಣ್_ಶಿರಸಿ

ಡಾಕ್ಟ್ರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಸಂಶಯ. ಕೊಬ್ಬಿನ ಕಣ ಸತ್ತ ಮೇಲೆ ಆ ಕೊಬ್ಬು ಹೋಗುವುದು ಎಲ್ಲಿಗೆ? ಮೂತ್ರದಲ್ಲಿ ಹೋಗುತ್ತದೆ ಎನ್ನುತ್ತಾರಲ್ಲ?

ಚರ್ಮವೈದ್ಯೆ_ಹುಬ್ಬಳ್ಳಿ

ಮೂತ್ರದಲ್ಲಿ ಹೋಗುವುದಿಲ್ಲ ಕಿರಣ್. ಸತ್ತ ಕಣಗಳನ್ನು ನಮ್ಮ ರಕ್ತದ ಬಿಳಿಕಣಗಳ ಜಾತಿಯ ಮ್ಯಾಕ್ರೋಫೇಜ್‌ಗಳು ಬಂದು ನುಂಗುತ್ತವೆ. ಒಳಗಿದ್ದ ಜಿಡ್ಡು ನಿಧಾನವಾಗಿ ಲಿವರ್‌ಗೆ ಸೇರುತ್ತದೆ. ಊಟದಲ್ಲಿ ಬಂದ ಜಿಡ್ಡನ್ನು ದೇಹ ಹೇಗೆ ಸಂಭಾಳಿಸುತ್ತದೋ ಇದನ್ನೂ ಹಾಗೆಯೇ ಸಂಭಾಳಿಸುತ್ತದೆ. ಪರೀಕ್ಷೆಗೆ ಒಳಗಾದವರಲ್ಲಿ ಕೊಲೆಸ್ಟ್ರಾಲ್ ಆಗಲಿ ಲಿವರ್ ಲೆಕ್ಕಗಳಾಗಲಿ ಹೇಳಿಕೊಳ್ಳುವಷ್ಟು ಏರಲಿಲ್ಲ.

ಇದೆಲ್ಲ ಆಗಲು ಎಂಟರಿಂದ ಹನ್ನೆರಡು ವಾರ ಬೇಕು. ಅದಕ್ಕೇ, ಮಾಡಿಸಿಕೊಂಡ ಅರ್ಧ ಗಂಟೆಗೆ ಟೇಪು ಹಿಡಿದು "ನೋಡಿ ಎರಡು ಇಂಚು ಇಳಿಯಿತು" ಎಂದು ಯಾರಾದರೂ ತೋರಿಸಿದರೆ, ಅಲ್ಲಿ ಕೊಬ್ಬಂತೂ ಇಳಿದಿಲ್ಲ.

ಲತಾ_ಬೆಂಗಳೂರು

ಆ ಟೇಪಿನ ಆಟ ನಾನು ಕಣ್ಣಾರೆ ಕಂಡಿದ್ದೇನೆ. ಬರೆಯುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ.

ನಮ್ಮ ಏರಿಯಾದ ಒಂದು ಸೆಂಟರ್‌ನಲ್ಲಿ ಮಾಡಿಸಿದ್ದೆ. ಹೆಸರು ಬೇಡ. ಹೋದ ತಕ್ಷಣ ಹುಡುಗಿ ಒಬ್ಬಳು ನಿಲ್ಲಿಸಿ ಅಳತೆ ತೆಗೆದಳು. ಟೇಪು ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ, ಹೊಟ್ಟೆ ಎಲ್ಲಿ ದಪ್ಪ ಇದೆಯೋ ಸರಿಯಾಗಿ ಅಲ್ಲಿ. "ಉಸಿರು ಎಳೆದುಕೊಳ್ಳಿ ಮೇಡಂ" ಎಂದಳು. ಉಸಿರು ತುಂಬಿಕೊಂಡಾಗಲೇ ಅಂಕಿ ಬರೆದಳು. ಆಮೇಲೆ ಮಲಗಿಸಿ ತಣ್ಣನೆಯ ಜೆಲ್ ಹಚ್ಚಿ ಮಷೀನ್ ಆಡಿಸಿದಳು. ಮಷೀನ್ ಓಡುವಷ್ಟು ಹೊತ್ತೂ ಕಿವಿಯೊಳಗೆ ಗುಂಯ್ ಎನ್ನುವ ಸದ್ದು. ಹೊರಗೆ ಯಾರಿಗೂ ಕೇಳಿಸದು, ನನಗೆ ಮಾತ್ರ. ನೋವೇನೂ ಇಲ್ಲ, ಸ್ವಲ್ಪ ಬೆಚ್ಚಗಾಯಿತು ಅಷ್ಟೇ.

ಮುಗಿದ ಮೇಲೆ ಮತ್ತೆ ಅಳತೆ. ಈ ಸಲ ಟೇಪು ಹೊಕ್ಕುಳಿಗಿಂತ ಮೇಲೆ ಹೋಗಿತ್ತು. "ಉಸಿರು ಬಿಡಿ" ಎಂದಳು. ಟೇಪು ಚರ್ಮದಲ್ಲಿ ಗೆರೆ ಮೂಡುವಷ್ಟು ಬಿಗಿ. ಅಂಕಿ ಒಂದೂವರೆ ಇಂಚು ಕಡಿಮೆ. ಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಂಡಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ಅಳೆಯಲು ಅವಳಿಗೆ ಯಾರೋ ಹೇಳಿಕೊಟ್ಟಿರುತ್ತಾರೆ.

ಜೊತೆಗೆ ಒಂದು ಚೀಟಿ ಕೊಟ್ಟಿದ್ದರು. ದಿನಕ್ಕೆ ಮೂರು ಲೀಟರ್ ನೀರು, ಅನ್ನ ಸಕ್ಕರೆ ಬಂದ್, ಕರಿದದ್ದು ಬಂದ್, ಸಿಟ್ಟಿಂಗ್ ಆದ ದಿನ ಒಂದು ಗಂಟೆ ನಡಿಗೆ. ಎರಡು ತಿಂಗಳು ಅದನ್ನು ಪಾಲಿಸಿದರೆ ಯಾರಿಗಾದರೂ ಒಂದಿಷ್ಟು ಇಳಿಯುತ್ತದೆ ಅಲ್ವಾ? ಚೀಟಿ ಬಿಟ್ಟ ಮೇಲೆ ಎಲ್ಲ ವಾಪಸ್ ಬಂತು.

ರಘು_ನ್ಯೂಜೆರ್ಸಿ

ನಾನು ದಾವಣಗೆರೆಯವನು, ಈಗ ಅಮೆರಿಕದಲ್ಲಿದ್ದೇನೆ. ಡಾಕ್ಟರು ಮೊದಲು ಹೇಳಿದ ಬಿಸಿ ಅಲೆಯ ಚಿಕಿತ್ಸೆ ನಾನು ಇಲ್ಲಿ ಚರ್ಮವೈದ್ಯರ ಹತ್ತಿರ ಮಾಡಿಸಿದ್ದೇನೆ. ನನ್ನ ತೂಕ ಸರಿಯಾಗಿಯೇ ಇತ್ತು, ಓಡುವ ಅಭ್ಯಾಸ ಇದೆ. ಹೊಕ್ಕುಳ ಕೆಳಗೆ ಒಂದು ಮಡಿಕೆ ಮಾತ್ರ ಏನು ಮಾಡಿದರೂ ಹೋಗುತ್ತಿರಲಿಲ್ಲ.

ಒಂದೇ ಸಲ, ಸುಮಾರು ಒಂದು ಗಂಟೆ. ಮೊದಲು ಪೆನ್ನಿನಲ್ಲಿ ಹೊಟ್ಟೆ ಮೇಲೆ ಚೌಕ ಚೌಕ ಗೆರೆ ಹಾಕಿದರು. ಒಂದೊಂದು ಚೌಕಕ್ಕೂ ಮಷೀನಿನ ತಲೆ ಇಟ್ಟು ಹೊಡೆಯುತ್ತಾ ಹೋದರು. ನೋವಾಗುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ಬಿಸಿ ಸೂಜಿ ಒಳಗಿನಿಂದ ಚುಚ್ಚಿದಂಥ ನೋವು. ಸೊಂಟದ ಮೂಳೆ ಹತ್ತಿರ ಬಂದಾಗ ನಿಲ್ಲಿಸಿ ಎಂದೆ. ಅವರು ಶಕ್ತಿ ತಗ್ಗಿಸಿ, ಅಷ್ಟೇ ಜಾಗಕ್ಕೆ ಹೆಚ್ಚು ಸಲ ಹೊಡೆದರು. ಆಮೇಲೆ ಒಂದು ವಾರ ಹೊಟ್ಟೆ ನೀಲಿಗಟ್ಟಿತ್ತು, ಮುಟ್ಟಿದರೆ ನೋವು. ಪ್ಯಾಂಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ.

ಮೂರು ತಿಂಗಳಿಗೆ ಬೆಲ್ಟಿನಲ್ಲಿ ಒಂದು ತೂತು ಒಳಗೆ ಬಂತು. ತೂಕ ಅಷ್ಟೇ ಇತ್ತು. ನನಗೆ ಸಮಾಧಾನ ಇದೆ, ಯಾಕೆಂದರೆ ಅಷ್ಟೇ ಸಿಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಚರ್ಮವೈದ್ಯೆ_ಹುಬ್ಬಳ್ಳಿ

ರಘು ಅವರ ಅನುಭವ ಅಧ್ಯಯನಕ್ಕೆ ಸರಿಹೊಂದುತ್ತದೆ. ಅಮೆರಿಕದಲ್ಲಿ 180 ಜನರ ಮೇಲೆ ಮಾಡಿದ ಪರೀಕ್ಷೆಯೊಂದು 2011ರಲ್ಲಿ ಪ್ರಕಟವಾಯಿತು. ಮೂರು ಗುಂಪು. ಎರಡಕ್ಕೆ ಬೇರೆ ಬೇರೆ ಪ್ರಮಾಣದ ಶಕ್ತಿ, ಮೂರನೆಯದಕ್ಕೆ ಮಷೀನ್ ಇಟ್ಟ ಹಾಗೆ ಮಾಡಿ ಶಕ್ತಿಯನ್ನೇ ಕೊಟ್ಟಿರಲಿಲ್ಲ. 12 ವಾರದ ನಂತರ ಹೆಚ್ಚು ಶಕ್ತಿ ಕೊಟ್ಟ ಗುಂಪಿನಲ್ಲಿ ಸೊಂಟ ಸರಾಸರಿ 2.4 ಸೆಂ.ಮೀ. ಇಳಿದಿತ್ತು. ಏನೂ ಕೊಡದ ಗುಂಪಿನಲ್ಲೂ ಸುಮಾರು 1.4 ಸೆಂ.ಮೀ. ಇಳಿದಿತ್ತು!

ಹಾಗಾಗಿ ಮಷೀನಿನಿಂದಲೇ ಬಂದ ಲಾಭ ಸುಮಾರು ಒಂದು ಸೆಂ.ಮೀ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಎಷ್ಟು ಮಾಡುತ್ತದೆ ಅನ್ನುವುದನ್ನು ಮರೆಯಬಾರದು. ನಾಲ್ಕು ಇಂಚು ಅಂದರೆ ಹತ್ತು ಸೆಂ.ಮೀ. ಲೆಕ್ಕ ನೀವೇ ಹಾಕಿ.

ಇನ್ನೊಂದು ನಮಗೆ ಹತ್ತಿರದ್ದು. ಅಲ್ಟ್ರಾಶೇಪ್ ಅನ್ನು ಹಾಂಗ್‌ಕಾಂಗ್‌ನಲ್ಲಿ 53 ಜನರ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಬರೆದರು. ಮೂರು ಸಲ ಮಾಡಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲು ಪಾಶ್ಚಾತ್ಯರ ಮೇಲೆ ಮಾಡಿದ್ದರಲ್ಲಿ ಒಳ್ಳೆಯ ಫಲಿತಾಂಶ ಬಂದಿತ್ತು. ಏಷ್ಯಾದವರ ಮೈಕಟ್ಟು ಚಿಕ್ಕದು, ಅದೂ ಕಾರಣ ಇರಬಹುದು ಎಂದು ಆ ವೈದ್ಯರು ಹೇಳಿದ್ದರು. ಹೊರದೇಶದ ಫೋಟೋ ತೋರಿಸಿ ನಮ್ಮವರಿಗೆ ಮಾರುವವರಿಗೆ ಇದನ್ನು ಕೇಳಬೇಕು.

ಫಿಸಿಯೋ_ಉಡುಪಿ

ಸುಮಾ ಅವರ ಮೊದಲ ಬರಹವನ್ನು ಎರಡು ಸಲ ಓದಿದೆ. ಕೈಕಾಲು ಸಣ್ಣ, ತೂಕ ಇಳಿದರೂ ಹೊಟ್ಟೆ ಹಾಗೇ, ನೋಡಿದವರು ಬಸುರಿ ಎಂದುಕೊಳ್ಳುತ್ತಾರೆ. ಇಷ್ಟು ಕೇಳಿದರೆ ನನಗೆ ಕೊಬ್ಬಿಗಿಂತ ಮೊದಲು ಸ್ನಾಯು ನೆನಪಾಗುತ್ತದೆ.

ಹೊಟ್ಟೆಯ ನಡುವೆ, ಎದೆಯ ಕೆಳಗಿನಿಂದ ಹೊಕ್ಕುಳ ದಾಟಿ ಕೆಳಗಿನವರೆಗೆ, ಎಡ ಬಲ ಎರಡು ಉದ್ದ ಸ್ನಾಯುಗಳಿವೆ. ಬಸಿರಿನಲ್ಲಿ ಅವು ಅಗಲವಾಗಿ ಸರಿದು ಮಗುವಿಗೆ ಜಾಗ ಕೊಡುತ್ತವೆ. ಹೆರಿಗೆಯ ನಂತರ ಬಹಳ ಜನರಲ್ಲಿ ಮತ್ತೆ ಹತ್ತಿರ ಬರುತ್ತವೆ. ಕೆಲವರಲ್ಲಿ ಬರುವುದಿಲ್ಲ. ನಡುವೆ ಸಂದು ಉಳಿದುಬಿಡುತ್ತದೆ. ಒಳಗಿರುವುದನ್ನು ಬಿಗಿ ಹಿಡಿಯುವವರು ಇಲ್ಲದೆ ಹೊಟ್ಟೆ ಮುಂದಕ್ಕೆ ಬರುತ್ತದೆ, ಸಂಜೆ ಹೊತ್ತಿಗೆ ಇನ್ನೂ ಜಾಸ್ತಿ.

ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ. ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಬೆರಳುಗಳನ್ನು ಅಡ್ಡಲಾಗಿ ಇಡಿ. ಈಗ ತಲೆ ಮತ್ತು ಭುಜ ಸ್ವಲ್ಪ ಎತ್ತಿ. ಎರಡೂ ಕಡೆಯಿಂದ ಸ್ನಾಯು ಬಂದು ಬೆರಳನ್ನು ಒತ್ತಬೇಕು. ನಡುವೆ ಎರಡು ಬೆರಳಿಗಿಂತ ಜಾಸ್ತಿ ಹಳ್ಳ ಸಿಕ್ಕಿದರೆ, ಅಥವಾ ನಡುವೆ ಗೋಪುರದ ಹಾಗೆ ಉಬ್ಬಿದರೆ, ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಈ ಸಂದನ್ನು ಯಾವ ಅಲ್ಟ್ರಾಸೌಂಡ್ ಮಷೀನೂ ಮುಚ್ಚುವುದಿಲ್ಲ. ಸರಿಯಾದ ವ್ಯಾಯಾಮದಿಂದ ಬಲ ಬರುತ್ತದೆ, ಹೊಟ್ಟೆ ಬಿಗಿಯಾಗುತ್ತದೆ. ಸಂದು ತೀರಾ ದೊಡ್ಡದಿದ್ದರೆ ಸರ್ಜನ್ ನೋಡಬೇಕು. ಯೂಟ್ಯೂಬ್ ನೋಡಿಕೊಂಡು ಎದ್ದು ಕೂರುವ ಕ್ರಂಚಸ್ ಮಾತ್ರ ಈಗಲೇ ಶುರು ಮಾಡಬೇಡಿ, ಕೆಲವರಿಗೆ ಉಬ್ಬು ಜಾಸ್ತಿ ಆಗುತ್ತದೆ.

ಕೆಮ್ಮಿದಾಗ ಹೊಕ್ಕುಳ ಹತ್ತಿರ ಗುಬುಟು ಎದ್ದು ಬಂದರೆ ಅದು ಹರ್ನಿಯಾ ಇರಬಹುದು. ಹರ್ನಿಯಾ ಇರುವವರ ಹೊಟ್ಟೆಗೆ ಈ ಚಿಕಿತ್ಸೆ ಮಾಡಲೇಬಾರದು. ಅಲ್ಲಿ ಚರ್ಮದ ಕೆಳಗೆ ಕರುಳೇ ಇರಬಹುದು. ಮಷೀನ್ ಇಡುವ ಮೊದಲು ಕೆಮ್ಮಿಸಿ ನೋಡದ ಜಾಗದಲ್ಲಿ ಮಲಗಬೇಡಿ.

ಚರ್ಮವೈದ್ಯೆ_ಹುಬ್ಬಳ್ಳಿ

ತುಂಬಾ ಒಳ್ಳೆಯ ಮಾತು ಹೇಳಿದಿರಿ. ಅದರ ಜೊತೆಗೆ ನಾನೂ ಸ್ವಲ್ಪ ಸೇರಿಸುತ್ತೇನೆ. ಬಸುರಿಯರು, ಪೇಸ್‌ಮೇಕರ್ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಆ ಜಾಗದಲ್ಲಿ ಲೋಹ ಇರುವವರು, ಚರ್ಮದಲ್ಲಿ ಗಾಯ ಇಲ್ಲವೇ ಸೋಂಕು ಇರುವವರು, ಇವರಿಗೆಲ್ಲ ಬೇಡ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30 ದಾಟಿದವರಿಗೂ ಇದು ಹೇಳಿಮಾಡಿಸಿದ್ದಲ್ಲ. ಸಿಜೇರಿಯನ್ ಗಾಯದ ಸುತ್ತ ಎಷ್ಟೋ ಜನರಿಗೆ ಸ್ಪರ್ಶ ಕಡಿಮೆ ಇರುತ್ತದೆ. ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಹಾಗಾಗಿ ಆ ಜಾಗ ಬಿಟ್ಟೇ ಮಾಡಬೇಕು.

ಚಿಟಿಕೆ ಪರೀಕ್ಷೆ ಅಂತ ಒಂದಿದೆ. ಹೊಟ್ಟೆಯ ಚರ್ಮವನ್ನು ಕೊಬ್ಬಿನ ಸಮೇತ ಬೆರಳಲ್ಲಿ ಹಿಡಿದಾಗ ಕನಿಷ್ಠ 2.5 ಸೆಂ.ಮೀ. ದಪ್ಪ ಸಿಗಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಿಸಿ ಅಲೆ ಕೊಬ್ಬು ದಾಟಿ ಒಳಗಿನ ಸ್ನಾಯುವಿಗೆ ತಗಲುವ ಅಪಾಯ ಇದೆ.

ಶುಗರ್_ಡಾಕ್ಟರ್_ಶಿವಮೊಗ್ಗ

ಇಲ್ಲಿಯವರೆಗೆ ಎಲ್ಲರೂ ಮಷೀನ್ ಬಗ್ಗೆ ಮಾತಾಡಿದ್ದೀರಿ. ನನಗೆ ಕಾಡಿದ್ದು ಸುಮಾ ಅವರ ಆ ಒಂದು ಸಾಲು. "ಡಾಕ್ಟರು ಹೊಟ್ಟೆ ಇಳಿಸಿ ಎಂದಿದ್ದಾರೆ, ಹೇಗೂ ಇಳಿಸಬೇಕು, ಇದೇ ಮಾಡಿಸೋಣ." ತಾಯೀ, ಡಾಕ್ಟರು ಹೇಳಿದ ಹೊಟ್ಟೆ ಬೇರೆ, ಸೆಂಟರ್‌ನವರು ಹೇಳುವ ಹೊಟ್ಟೆ ಬೇರೆ.

ಹೊಟ್ಟೆಯಲ್ಲಿ ಕೊಬ್ಬು ಎರಡು ಕಡೆ ಕೂರುತ್ತದೆ. ಚರ್ಮದ ಕೆಳಗೆ ಕೂತಿದ್ದು ಚಿಟಿಕೆಗೆ ಸಿಗುತ್ತದೆ. ಇನ್ನೊಂದು ಸ್ನಾಯುವಿನ ಗೋಡೆಯ ಆಚೆ, ಕರುಳಿನ ಸುತ್ತ, ಲಿವರ್ ಹತ್ತಿರ ಕೂರುತ್ತದೆ. ಅದು ಚಿಟಿಕೆಗೆ ಸಿಗುವುದಿಲ್ಲ. ಶುಗರ್, ಬಿಪಿ, ಫ್ಯಾಟಿ ಲಿವರ್, ಹೃದಯದ ತೊಂದರೆ, ಇವುಗಳ ಜೊತೆ ಹೆಚ್ಚು ಗಟ್ಟಿ ನಂಟು ಇರುವುದು ಒಳಗಿನದಕ್ಕೆ. ಈ ಮಷೀನ್‌ಗಳೆಲ್ಲ ಕೆಲಸ ಮಾಡುವುದು ಹೊರಗಿನದರ ಮೇಲೆ. ಒಂದೂಕಾಲು ಸೆಂ.ಮೀ. ಆಳಕ್ಕೆ ನಿಲ್ಲುವ ಅಲೆ ಕರುಳಿನ ಸುತ್ತ ಇರುವುದನ್ನು ಮುಟ್ಟುವುದೇ ಇಲ್ಲ. ಮುಟ್ಟಲೂಬಾರದು.

ಹೊರಗಿನ ಕೊಬ್ಬು ತೆಗೆದರೆ ಶುಗರ್ ಇಳಿಯುತ್ತದಾ ಎಂದು ನೋಡಿದವರಿದ್ದಾರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 15 ಜನ ದಪ್ಪ ಹೆಂಗಸರಿಗೆ ಸರ್ಜರಿಯಲ್ಲೇ ಲೈಪೋಸಕ್ಷನ್ ಮಾಡಿ, ಹೊಟ್ಟೆಯಿಂದ ಸುಮಾರು ಹತ್ತು ಕೆ.ಜಿ. ಕೊಬ್ಬು ತೆಗೆದರು. 2004ರಲ್ಲಿ ಅದರ ವರದಿ ಬಂತು. ಹತ್ತು ಹನ್ನೆರಡು ವಾರ ಬಿಟ್ಟು ನೋಡಿದರೆ ಇನ್ಸುಲಿನ್ ಕೆಲಸ ಮಾಡುವ ರೀತಿ ಸುಧಾರಿಸಿರಲಿಲ್ಲ. ಬಿಪಿ, ಕೊಲೆಸ್ಟ್ರಾಲ್, ಶುಗರ್, ಯಾವುದೂ ಕದಲಿರಲಿಲ್ಲ. ಹತ್ತು ಕೆ.ಜಿ. ತೆಗೆದರೂ ಆಗದ್ದು ಒಂದು ಸೆಂ.ಮೀ.ಗೆ ಆಗುತ್ತದಾ?

ನಮ್ಮವರಿಗೆ ಇದು ಇನ್ನೂ ಮುಖ್ಯ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರೂ ತಮ್ಮ ಫೋಟೋವನ್ನೇ ಹಾಕಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹ ಪ್ರಕಟಿಸಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1%, ಯಾಜ್ಞಿಕ್ ಮೈಯಲ್ಲಿ 21.2%. ನೋಡಲು ಇಬ್ಬರೂ ಸಣ್ಣಗೇ ಇದ್ದರು. ನಮ್ಮಲ್ಲಿ ಸಣ್ಣ ಕೈಕಾಲಿನವರಿಗೂ ಶುಗರ್ ಬರುವುದು ಯಾಕೆ ಎಂದು ನನ್ನ ಪೇಷಂಟುಗಳಿಗೆ ನಾನು ಇದನ್ನೇ ತೋರಿಸುತ್ತೇನೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ದೇಶದ ದೊಡ್ಡವರಲ್ಲಿ 39.5% ಜನರಿಗೆ ಹೊಟ್ಟೆಯ ಬೊಜ್ಜು ಇದೆ.

ಸುಮಾ ಅವರೇ, ನಿಮ್ಮ ಬಿಎಂಐ ಸುಮಾರು 25. ಬಿಳಿಯರ ಲೆಕ್ಕದಲ್ಲಿ ಅದು ಗಡಿ. ನಮ್ಮ ಲೆಕ್ಕದಲ್ಲಿ 23 ದಾಟಿದರೇ ಜಾಸ್ತಿ. ಸೊಂಟ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಅಳೆಯುವ ಜಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸಹಜವಾಗಿ ಉಸಿರು ಬಿಟ್ಟು, ಟೇಪು ಬಿಗಿಯದೆ ಅಳೆಯಿರಿ.

ನಿಮ್ಮ ಎಚ್‌ಬಿಎ1ಸಿ 5.9 ಅಂದರೆ ಶುಗರ್ ಬಂದಿಲ್ಲ, ಬಾಗಿಲಿಗೆ ಬಂದಿದೆ. ಈ ಹಂತದಲ್ಲಿ ತಡೆಯಬಹುದು ಅನ್ನುವುದಕ್ಕೆ ನಮ್ಮ ಪಕ್ಕದ ಚೆನ್ನೈನಲ್ಲೇ ಪುರಾವೆ ಇದೆ. ಇಂಥವರನ್ನು ಮೂರು ವರ್ಷ ಗಮನಿಸಿದಾಗ, ಊಟ ಮತ್ತು ನಡಿಗೆ ಸರಿಪಡಿಸಿಕೊಂಡವರಲ್ಲಿ ಶುಗರ್ ಬರುವುದು ಸುಮಾರು 28% ಕಡಿಮೆಯಾಯಿತು. 2006ರ ವರದಿ ಅದು. ಅಮೆರಿಕದ ದೊಡ್ಡ ಅಧ್ಯಯನದಲ್ಲಿ 58% ಕಡಿಮೆಯಾಯಿತು. ವ್ಯಾಯಾಮ ಮಾಡಿದಾಗ, ತೂಕ ಇಳಿದಾಗ, ಒಳಗಿನ ಕೊಬ್ಬು ಹೊರಗಿನದಕ್ಕಿಂತ ಬೇಗ ಕರಗುತ್ತದೆ. ಕನ್ನಡಿಯಲ್ಲಿ ಕಾಣುವುದಿಲ್ಲ, ಅಷ್ಟೇ. ನೀವು ಇಳಿಸಿದ ಮೂರು ಕೆ.ಜಿ. ವ್ಯರ್ಥ ಆಗಿಲ್ಲ. ಅದರ ಫಲ ರಕ್ತ ಪರೀಕ್ಷೆಯಲ್ಲಿ ಕಾಣಬಹುದು.

ಬಸವರಾಜ_ಗದಗ

ನಾನು ಮೊದಲೇ ಹೇಳಿದೆನಲ್ಲ, ರೊಟ್ಟಿ ತಿನ್ನಿ ಅಂತ.

ಶುಗರ್_ಡಾಕ್ಟರ್_ಶಿವಮೊಗ್ಗ

ರೊಟ್ಟಿ ಒಳ್ಳೆಯದೇ ಸರ್, ಆದರೆ ನಾಲ್ಕು ತಿಂದರೆ ಅದೂ ಜಾಸ್ತಿ. ರೊಟ್ಟಿಗಿಂತ ಪಲ್ಯ, ಕಾಳು ಜಾಸ್ತಿ ಇರಲಿ. ಮುದ್ದೆಗೂ ಅದೇ ಮಾತು.

ವೀಣಾ_ಧಾರವಾಡ

ಎಲ್ಲರೂ ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದೀರಿ, ಗೊತ್ತು. ಆದರೂ ಒಂದು ಮಾತು ಕೇಳಬೇಕು. ಒಬ್ಬ ಹೆಂಗಸು ಚೆನ್ನಾಗಿ ಕಾಣಬೇಕು ಎಂದುಕೊಂಡರೆ ಅದಕ್ಕೆ ಶುಗರ್, ಬಿಪಿ ಎಂಬ ಕಾರಣ ಬೇಕೇ ಬೇಕಾ? ಬಸ್ಸಿನಲ್ಲಿ "ಎಷ್ಟು ತಿಂಗಳು" ಎಂದು ಕೇಳಿಸಿಕೊಳ್ಳುವ ಸಂಕಟ ನಿಮಗೆ ಗೊತ್ತಾ? ನನಗೆ ಗೊತ್ತು. ಸೀರೆ ಉಟ್ಟು ಫಂಕ್ಷನ್‌ಗೆ ಹೋಗುವುದನ್ನೇ ಬಿಟ್ಟವಳು ನಾನು. ತನ್ನ ದುಡ್ಡು, ತನ್ನ ಮೈ. ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಇದಕ್ಕೆ ಮಾತ್ರ ಯಾಕೆ ಇಷ್ಟು ಬುದ್ಧಿಮಾತು?

ಚರ್ಮವೈದ್ಯೆ_ಹುಬ್ಬಳ್ಳಿ

ವೀಣಾ, ನಿಮ್ಮ ಮಾತು ನೂರಕ್ಕೆ ನೂರು ಸರಿ. ನಾನು ಮಾಡುವ ಅರ್ಧ ಕೆಲಸ ಚಂದಕ್ಕಾಗಿಯೇ. ಅದರಲ್ಲಿ ತಪ್ಪೇನೂ ಇಲ್ಲ. ಚಂದಕ್ಕೆ ಬೇಕು ಎಂದು ಬಂದವರಿಗೆ ನಾನು "ಒಂದು ಇಂಚಿನ ಒಳಗೆ ಸಿಗಬಹುದು, ಸಿಗದೆಯೂ ಇರಬಹುದು, ಇಷ್ಟು ನೋವು, ಇಷ್ಟು ದುಡ್ಡು" ಎಂದು ಹೇಳುತ್ತೇನೆ. ಬೇಕೋ ಬೇಡವೋ ಅವರೇ ಹೇಳಲಿ. ನನ್ನ ಸಿಟ್ಟೆಲ್ಲ ಆರೋಗ್ಯದ ಹೆಸರಲ್ಲಿ ಮಾರುವವರ ಮೇಲೆ. ಸುಮಾ ಅವರ ರಿಪೋರ್ಟ್ ನೋಡಿ "ಶುಗರ್‌ಗೂ ಒಳ್ಳೆಯದು" ಎಂದು ಅಲ್ಲಿ ಯಾರಾದರೂ ಹೇಳಿದ್ದರೆ, ಅದು ಅನ್ಯಾಯ.

ಸುಮಾ_ಮೈಸೂರು

ಹೇಳಿದ್ದಾರೆ ಮೇಡಂ. ಅದೇ ಮಾತು ಹೇಳಿದ್ದಾರೆ.

ಲತಾ_ಬೆಂಗಳೂರು

ಸುಮಾ, ದುಡ್ಡು ಕಟ್ಟುವ ಮೊದಲು ಹೋಗಿ ಎರಡು ವಿಷಯ ನೋಡಿ. ಒಂದು, ಗೋಡೆ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ ಎಂದು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಆ ಕಾಯ್ದೆಯ ಕೆಳಗೆ ನೋಂದಣಿ ಆಗಿರಲೇಬೇಕು. ಬಿಳಿ ಕೋಟು ಹಾಕಿದವರೆಲ್ಲ ಡಾಕ್ಟರಲ್ಲ. ಹೆಸರು ಕೇಳಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇದ್ದಾರಾ ನೋಡಿ. ಎರಡು, ಮಷೀನಿನ ಮೇಲೆ ಬರೆದ ಕಂಪನಿ ಮತ್ತು ಮಾಡೆಲ್ ಫೋಟೋ ತೆಗೆದುಕೊಳ್ಳಿ.

2022ರ ಮೇ ತಿಂಗಳು ನೆನಪಿದೆಯಲ್ಲ? ಬೆಂಗಳೂರಿನಲ್ಲಿ ಕಿರುತೆರೆಯ ಒಬ್ಬ ನಟಿ, ಬರೀ 21 ವರ್ಷ, ಕೊಬ್ಬು ತೆಗೆಸುವ ಸರ್ಜರಿಗೆಂದು ಹೋಗಿ ಜೀವ ಕಳೆದುಕೊಂಡಳು. ಅದು ಅಲ್ಟ್ರಾಸೌಂಡ್ ಅಲ್ಲ, ಸರ್ಜರಿ. ಎರಡನ್ನೂ ಒಂದೇ ಎನ್ನುತ್ತಿಲ್ಲ. ಆದರೆ ನನಗೆ ಇವತ್ತಿಗೂ ಆ ಮಗುವಿನ ಸುದ್ದಿ ಮರೆಯಲು ಆಗಿಲ್ಲ. ತುರ್ತು ಬಂದರೆ ನೋಡಿಕೊಳ್ಳಲು ಯಾರಿದ್ದಾರೆ ಎಂದು ಕೇಳದೆ ಎಲ್ಲೂ ಮಲಗಬೇಡಿ.

ಕಿರಣ್_ಶಿರಸಿ

ತಣ್ಣಗೆ ಮಾಡಿ ಕೊಬ್ಬು ತೆಗೆಯುವುದೂ ಇದೆಯಲ್ಲ, ಅದು ಇದಕ್ಕಿಂತ ವಾಸಿನಾ?

ಚರ್ಮವೈದ್ಯೆ_ಹುಬ್ಬಳ್ಳಿ

ಕ್ರಯೋಲಿಪೋಲಿಸಿಸ್. ಕೂಲ್‌ಸ್ಕಲ್ಪ್ಟಿಂಗ್ ಎನ್ನುವ ಹೆಸರಲ್ಲಿ ಪ್ರಸಿದ್ಧ. ಅದೂ ಚರ್ಮದ ಕೆಳಗಿನದಕ್ಕೆ ಮಾತ್ರ. ಅಪರೂಪಕ್ಕೆ ಕೊಬ್ಬು ಇಳಿಯುವ ಬದಲು ಅಲ್ಲೇ ಗಟ್ಟಿಯಾಗಿ ಬೆಳೆಯುವುದುಂಟು. ಹೆಸರಾಂತ ಮಾಡೆಲ್ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ತನಗೆ ಹೀಗಾಯಿತು ಎಂದು ಬಹಿರಂಗವಾಗಿ ಹೇಳಿಕೊಂಡರು. ಸರಿಪಡಿಸಲು ಸರ್ಜರಿಯೇ ಬೇಕಾಗುತ್ತದೆ.

ಸುಮಾ_ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸೆಂಟರ್‌ಗೆ ಹೋಗಿದ್ದೆ. ಮಷೀನ್ ಮೇಲೆ 40 ಕೆ ಎಂದು ದಪ್ಪ ಅಕ್ಷರದಲ್ಲಿತ್ತು. ಕಂಪನಿ ಹೆಸರು ಎಲ್ಲೂ ಇರಲಿಲ್ಲ. ಡಾಕ್ಟರು ಯಾರು ಎಂದು ಕೇಳಿದೆ. "ವಾರಕ್ಕೊಮ್ಮೆ ಬರುತ್ತಾರೆ" ಎಂದರು. ಹರ್ನಿಯಾ ನೋಡುತ್ತೀರಾ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಡ್ಡು ಕಟ್ಟಲಿಲ್ಲ.

ಫಿಸಿಯೋ ಅವರು ಹೇಳಿದ ಹಾಗೆ ಮಲಗಿ ನೋಡಿದೆ. ಮೂರು ಬೆರಳು ಸಲೀಸಾಗಿ ಒಳಗೆ ಹೋದವು. ಸೋಮವಾರ ಇಲ್ಲಿಯ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ. ಸೊಂಟ ಸರಿಯಾದ ಜಾಗದಲ್ಲಿ ಅಳೆದರೆ 86 ಸೆಂ.ಮೀ. ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ ಮತ್ತೆ ಮಾಡಿಸುತ್ತೇನೆ. ವೀಣಾ ಅವರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಹೊಟ್ಟೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ನನಗೆ ಈಗಲೂ ಇದೆ. ಸಂದು ಸರಿಹೋದ ಮೇಲೂ ಮಡಿಕೆ ಉಳಿದರೆ ಆಗ ನಿಜವಾದ ಮಷೀನ್ ಇರುವ ಚರ್ಮವೈದ್ಯರನ್ನು ಹುಡುಕುತ್ತೇನೆ.

ಆಶಾ_ಹಾಸನ

ತಡವಾಗಿ ಬರುತ್ತಿದ್ದೇನೆ. ನನಗೆ ಹೆರಿಗೆ ಆಗಿ ಐದು ತಿಂಗಳು, ಮಗು ಹಾಲು ಕುಡಿಯುತ್ತಿದೆ. ನಾನು ಬೇರೆ ಒಂದು ಕಡೆ ಆಗಲೇ ಅಡ್ವಾನ್ಸ್ ಕಟ್ಟಿದ್ದೇನೆ, ಇನ್ನೂ ಶುರು ಮಾಡಿಲ್ಲ. ಏನು ಮಾಡಲಿ?

ಚರ್ಮವೈದ್ಯೆ_ಹುಬ್ಬಳ್ಳಿ

ಈಗ ಬೇಡ ಆಶಾ. ಹಾಲುಣಿಸುವವರ ಮೇಲೆ ಇದನ್ನು ಪರೀಕ್ಷಿಸಿಲ್ಲ. ಹೊಟ್ಟೆ ತಾನಾಗಿ ಒಳಗೆ ಹೋಗಲು ಇನ್ನೂ ಸಮಯ ಇದೆ. ಸ್ನಾಯುವಿನ ಸಂದು ಮಾತ್ರ ಈಗಲೇ ಒಮ್ಮೆ ತೋರಿಸಿ.

ಲತಾ_ಬೆಂಗಳೂರು

ಆಶಾ, ಹಾಲುಣಿಸುತ್ತಿದ್ದೇನೆ, ಡಾಕ್ಟರು ಬೇಡ ಎಂದಿದ್ದಾರೆ, ಅಡ್ವಾನ್ಸ್ ವಾಪಸ್ ಕೊಡಿ ಎಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ರಸೀದಿ ಇಟ್ಟುಕೊಳ್ಳಿ. ಅವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಕನ್ನಡದಲ್ಲೇ ಮಾತಾಡಬಹುದು.